ಅಮ್ಮನನ್ನು ಕರೆದುಕೊಂಡು ಬಾ

ನನ್ನ ಸೊಸೆ ಟೀಚರು. ನಾಲ್ಕನೇ ತರಗತಿಗೆ ಪಾಠ ಹೇಳುತ್ತಾಳೆ. ಒಳ್ಳೆಯವಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪರೀಕ್ಷೆಯ ತಿಂಗಳು ಬಂತೆಂದರೆ ಅವಳ ತಲೆ ಅವಳ ಕೈಯಲ್ಲಿರುವುದಿಲ್ಲ. ಕಿವಿಗೆ ಸಿಕ್ಕಿಸಿಕೊಂಡ ಕೆಂಪು ಪೆನ್ನನ್ನು ಮನೆಯೆಲ್ಲ ಹುಡುಕುತ್ತಾಳೆ. ಹಾಲು ಉಕ್ಕಿದರೆ ಒಲೆ ಆರಿಸುವುದು ಬಿಟ್ಟು “ಸೈಲೆನ್ಸ್!” ಎನ್ನುತ್ತಾಳೆ. ಮೊನ್ನೆ ನಾನು ಸುಮ್ಮನೆ ಕೆಮ್ಮಿದ್ದಕ್ಕೆ ತಲೆ ಎತ್ತದೆ “ಯಾರದು ಹಿಂದಿನ ಬೆಂಚು?” ಎಂದುಬಿಟ್ಟಳು. ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಅತ್ತೆಯನ್ನು ಹಿಂದಿನ ಬೆಂಚಿಗೆ ಹಾಕಿದ ಸೊಸೆ ಬೇರೆಲ್ಲೂ ಇರಲಿಕ್ಕಿಲ್ಲ.

ನಾನೇನೂ ಮೂಲೆ ಹಿಡಿದು ಕೂತವಳಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಒಬ್ಬರಿಗೆ ಬಂದ ಕರೆ ಇನ್ನೊಬ್ಬರಿಗೆ ಹೋದರೆ ತಂತಿ ಎಲ್ಲಿ ತಪ್ಪಿತೆಂದು ಕೂತಲ್ಲಿಂದಲೇ ಹೇಳುತ್ತಿದ್ದೆ. ಆದರೆ ಈ ತಿಂಗಳು ಮನೆಯಲ್ಲಿ ಯಾರ ಮಾತು ಯಾರಿಗೆ ತಲುಪುತ್ತಿದೆ ಎಂಬುದರ ತಲೆಬುಡ ನನಗೇ ತಿಳಿಯದಾಯಿತು. ಮಗನನ್ನು ಕೇಳೋಣವೆಂದರೆ ಅವನು ದೂರದ ಊರುಗಳಿಗೆ ಹೋಗುವ ಬಸ್ಸಿನ ಡ್ರೈವರ್. ಮನೆಗೆ ಬಂದರೆ ನಿದ್ದೆ, ಎದ್ದರೆ ಬಸ್ಸು.

ಗೋಜಲು ಶುರುವಾದದ್ದು ಹೀಗೆ. ಮೊಮ್ಮಗಳನ್ನು ನಾವು ಗುಬ್ಬಿ ಎಂದು ಕರೆಯುತ್ತೇವೆ. ಅವಳೂ ಅದೇ ಶಾಲೆ, ಅದೇ ನಾಲ್ಕನೇ ತರಗತಿ, ಆದರೆ ಬೇರೆ ವಿಭಾಗ. ಆ ವಿಭಾಗದ ಟೀಚರು ಹೆರಿಗೆ ರಜೆಗೆ ಹೋದರು. ಹೆಡ್‌ಮಾಸ್ತರು ಆ ಕೋಣೆಗೆ ಬೀಗ ಹಾಕಿಸಿ, ಅಲ್ಲಿದ್ದ ಮಕ್ಕಳನ್ನೆಲ್ಲ ತಂದು ನನ್ನ ಸೊಸೆಯ ತಲೆಗೆ ಕಟ್ಟಿದರು. ಈಗ ಗುಬ್ಬಿಗೆ ಅಮ್ಮನೇ ಮಿಸ್ಸು. ಮಗಳೆಂದು ಮುದ್ದು ಮಾಡುತ್ತಾಳೆ ಅಂತ ಯಾರೂ ಬೆರಳು ತೋರಿಸಬಾರದಲ್ಲ, ಅದಕ್ಕೆ ಸೊಸೆ ಅವಳನ್ನು ಕಟ್ಟಕಡೆಯ ಸಾಲಿನಲ್ಲಿ, ಗೋಡೆಗೆ ಅಂಟಿಕೊಂಡ ಬೆಂಚಿನಲ್ಲಿ ಕೂರಿಸಿದಳು. ಸಾಲದ್ದಕ್ಕೆ ಮನೆಯಲ್ಲಿ ಒಂದು ಕಾಯಿದೆ ತಂದಳು.

“ನೋಡು ಗುಬ್ಬಿ, ಮನೆಯಿಂದ ಬೀಗದಂಗಡಿವರೆಗೆ ನಾನು ಅಮ್ಮ. ಅಲ್ಲಿಂದಾಚೆ ಮಿಸ್ಸು. ಮನೆ ವಿಷ್ಯ ಶಾಲೇಲಿ ಬೇಡ, ಶಾಲೆ ವಿಷ್ಯ ಮನೇಲಿ ಬೇಡ. ಗೊತ್ತಾಯ್ತಾ?”

ಬೀಗದಂಗಡಿ ಎಂದರೆ ಶಾಲೆಯ ಎದುರಿನ ತಿರುವಿನಲ್ಲಿ ಕೀಲಿಕೈ ಮಾಡುವವನ ಗೂಡಂಗಡಿ. ಅಲ್ಲಿಗೆ ಬಂದೊಡನೆ ಗುಬ್ಬಿ ಅಮ್ಮನ ಕೈ ಬಿಟ್ಟು ಹಿಂದೆ ಸರಿಯುತ್ತಿದ್ದಳು. ಬೀಗದವನಿಗೂ ಇದು ರೂಢಿಯಾಗಿ, “ಏನು ಮಿಸ್ಸು, ಡ್ಯೂಟಿ ಶುರುನಾ?” ಎಂದು ನಗುತ್ತಿದ್ದ. ದೊಡ್ಡವರಿಗೇನೋ ಇದು ತಮಾಷೆ. ಆ ಮಗು ಮಾತ್ರ ಒಂದು ಸಂಜೆ ಅಡುಗೆಮನೆ ಬಾಗಿಲಲ್ಲಿ ನಿಂತು, “ಮಿಸ್, ಹಸಿವಾಗ್ತಿದೆ” ಎಂದಿತು. ಸೊಸೆ ಉತ್ತರಪತ್ರಿಕೆ ತಿದ್ದುತ್ತಾ, “ಕೈ ಎತ್ತಿ ಕೇಳು” ಎಂದಳು. ಇಬ್ಬರಿಗೂ ತಾವು ಆಡಿದ್ದು ಗೊತ್ತಾಗಲಿಲ್ಲ. ನಾನೇ ಕಣ್ಣು ಕಣ್ಣು ಬಿಡುತ್ತಾ ಕೂತಿದ್ದೆ.

ಅದೇ ವಾರ ಗುಬ್ಬಿ ನನ್ನ ಪಕ್ಕ ಬಂದು ಕೂತಳು.

“ಅಜ್ಜಿ, ಬೋರ್ಡ್ ಮೇಲೆ ಬರೆದಿದ್ದೆಲ್ಲ ಇರುವೆ ಥರ ಹರಿದಾಡುತ್ತೆ.”

“ನಿಮ್ಮಮ್ಮನ ಅಕ್ಷರವೇ ಹಾಗೆ ಕಣೇ. ಚೀಟಿ ಬರೆದಿಟ್ಟು ಹೋದ್ರೆ ನಂಗೂ ಓದಕ್ಕಾಗಲ್ಲ.”

“ಅದಲ್ಲ ಅಜ್ಜಿ. ಎಲ್ಲಾ ಮಸುಕು ಮಸುಕು. ಬರೆದುಕೊಳ್ಳೋಕೇ ಆಗಲ್ಲ.”

“ಹಾಗಾದ್ರೆ ಅಮ್ಮಂಗೆ ಹೇಳು.”

“ಬೋರ್ಡು ಶಾಲೆ ವಿಷ್ಯ ಅಲ್ವಾ?”

“ಸರಿ, ಮಿಸ್ಸಿಗೆ ಹೇಳು.”

“ಕಣ್ಣು ಮನೆ ವಿಷ್ಯ ಅಲ್ವಾ ಅಜ್ಜಿ?”

ಎದ್ದು ಹೋಗಿ ಸೊಸೆಗೆ ಹೇಳಲು ಬಾಯಿ ತೆರೆದೆ. “ಅತ್ತೆ, ಕೈ ಮುಗೀತೀನಿ, ಪರೀಕ್ಷೆ ಒಂದು ಮುಗೀಲಿ. ಆಮೇಲೆ ನೀವು ಏನು ಹೇಳಿದ್ರೂ ಕೇಳ್ತೀನಿ” ಎಂದಳು. ಪಿತ್ತ ನೆತ್ತಿಗೇರಿತು. ಹೇಳುವುದೇ ಇಲ್ಲ ಹೋಗು ಎಂದು ನಾನೂ ಮೂತಿ ಉಬ್ಬಿಸಿಕೊಂಡು ಕೂತೆ.

ಮರುದಿನ ಸಂಜೆ ಗುಬ್ಬಿ ಶಾಲೆಯಿಂದ ಸಪ್ಪೆ ಮುಖ ಮಾಡಿಕೊಂಡು ಬಂದಳು. ಪಾಠ ಬರೆದುಕೊಳ್ಳದ ಮಕ್ಕಳನ್ನೆಲ್ಲ ಮಿಸ್ಸು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಗೂ ಅದೇ ಮಾತು ಹೇಳಿಕೊಂಡು ಹೋದರಂತೆ. ನಾಳೆ ಅಮ್ಮನ್ನ ಕರ್ಕೊಂಡು ಬಾ, ಇಲ್ಲದಿದ್ರೆ ಕ್ಲಾಸಿಗೆ ಸೇರಿಸಲ್ಲ. ಕೊನೆಯಲ್ಲಿ ನಿಂತಿದ್ದ ಗುಬ್ಬಿಗೂ ಅದೇ ಮಾತು.

“ಅಜ್ಜಿ, ನಾನು ಯಾರನ್ನ ಕರ್ಕೊಂಡು ಹೋಗ್ಲಿ?”

ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ನಕ್ಕು ಮುಗಿಸಿ ನೋಡಿದರೆ ಮಗುವಿನ ಕಣ್ಣಲ್ಲಿ ನೀರು. ಪರೀಕ್ಷೆಗೇ ಕೂರಿಸದಿದ್ದರೆ ಏನು ಗತಿ ಎಂಬ ಹೆದರಿಕೆ ಅದಕ್ಕೆ. “ನಾಳೆ ಬೆಳಗ್ಗೆ ದಾರೀಲಿ ಅಮ್ಮನ್ನೇ ಕೇಳು ಪುಟ್ಟ. ಬೀಗದಂಗಡಿ ಬರೋದ್ರೊಳಗೆ ಕೇಳು. ನಾನೂ ಜೊತೆಗೆ ಬರ್ತೀನಿ” ಎಂದೆ. ತಾನಾಡಿದ ಮಾತು ತನಗೇ ತಿರುಗಿ ಬಂದರೆ ಈ ಮಹಾರಾಯಿತಿ ನಕ್ಕು, ಮಗಳನ್ನು ಅಪ್ಪಿಕೊಂಡು, ಏನಾಯಿತೆಂದು ಕೇಳುತ್ತಾಳೆ ಎಂದು ನನ್ನ ಲೆಕ್ಕ.

ಬೆಳಗ್ಗೆ ಮೂವರೂ ಹೊರಟೆವು. ಸೊಸೆಯ ಒಂದು ಕಂಕುಳಲ್ಲಿ ಉತ್ತರಪತ್ರಿಕೆಯ ಕಟ್ಟು, ಇನ್ನೊಂದು ಕಡೆ ಹೆಗಲಿಗೂ ಕಿವಿಗೂ ನಡುವೆ ಫೋನು. ಯಾವ ಕೋಣೆಗೆ ಯಾವ ಟೀಚರು ಎಂದು ಹೆಡ್‌ಮಾಸ್ತರ ಜೊತೆ ಮಾತು ನಡೆದಿತ್ತು. ಗುಬ್ಬಿ ಅಮ್ಮನ ಬಟ್ಟೆ ಹಿಡಿದು ಎಳೆದಳು.

“ಅಮ್ಮ, ಇವತ್ತು ನೀನು ನಮ್ಮ ಶಾಲೆಗೆ ಬರ್ತೀಯಾ? ಮಿಸ್ಸು ಕರ್ಕೊಂಡು ಬಾ ಅಂದಿದ್ದಾರೆ.”

“ಇವತ್ತಾಗಲ್ಲ ಕಂದ, ತುಂಬಾ ಕೆಲಸ ಇದೆ. ಅಪ್ಪಂಗೆ ಹೇಳು” ಎಂದಳು ಸೊಸೆ. ಎಂದವಳೇ ಶಾಲೆಯ ಕಡೆಗೇ ದಾಪುಗಾಲು ಹಾಕಿದಳು.

ನಾನು ರಸ್ತೆಯಲ್ಲೇ ಕಂಬದಂತೆ ನಿಂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಏ, ನಿಲ್ಲೇ ಎಂದು ಕೂಗುವಷ್ಟರಲ್ಲಿ ಬೀಗದಂಗಡಿ ದಾಟಿಯಾಗಿತ್ತು, ಗಂಟೆಯೂ ಹೊಡೆದಿತ್ತು. ಗುಬ್ಬಿ ನನ್ನ ಕೈ ಗಟ್ಟಿಯಾಗಿ ಹಿಡಿದು, “ನೀನೇ ಬಾ ಅಜ್ಜಿ” ಎಂದಳು.

ತರಗತಿಯ ಹೊರಗೆ ಕೆಲವು ತಾಯಂದಿರು ತಂತಮ್ಮ ಮಕ್ಕಳ ಜೊತೆ ನಿಂತಿದ್ದರು. ನಾವು ಕೊನೆಯವರು. ಸೊಸೆ ಮೇಜಿನ ಹಿಂದೆ ಕೂತು, ಎದುರಿನವರಿಗೆ ನಾಲ್ಕು ಮಾತು ಹೇಳಿ ಕಳಿಸುತ್ತಾ, ನಡುನಡುವೆ ಪತ್ರಿಕೆ ತಿದ್ದುತ್ತಿದ್ದಳು. ನಮ್ಮ ಸರದಿ ಬಂತು. ಗುಬ್ಬಿ ಮುಂದೆ ಹೋದಳು. ನಾನು ಬಾಗಿಲಲ್ಲೇ ಉಳಿದೆ.

“ಹೂಂ, ನೆಕ್ಸ್ಟ್. ಎಲ್ಲಿ ನಿಮ್ಮಮ್ಮ?” ತಲೆ ಎತ್ತಲಿಲ್ಲ.

“ಬರಕ್ಕಾಗಲ್ಲ ಅಂದ್ರು ಮಿಸ್. ತುಂಬಾ ಕೆಲಸ ಅಂತೆ.”

“ಏನಂಥಾ ಕೆಲಸ ಅವರಿಗೆ? ಮಗಳಿಗಿಂತ ಹೆಚ್ಚಾ?”

“ಗೊತ್ತಿಲ್ಲ ಮಿಸ್.”

ಮಕ್ಕಳು ಕಿಸಕ್ಕನೆ ನಕ್ಕವು. ಆಗ ಸೊಸೆ ತಲೆ ಎತ್ತಿದಳು. ಎದುರಿಗೆ ಮಗಳು, ಬಾಗಿಲಲ್ಲಿ ನಾನು. ಅವಳು ಗುಬ್ಬಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಗುಬ್ಬಿಯನ್ನು ನೋಡಿದಳು. ಬೆಳಗಿನ ಮಾತು ಅವಳಿಗೆ ಈಗ ಕೇಳಿಸಿತೆಂದು ಕಾಣುತ್ತದೆ. ಕೆಂಪು ಪೆನ್ನು ಕೈಯಿಂದ ಜಾರಿ ಬಿತ್ತು.

“ಅತ್ತೆ, ಸ್ವಲ್ಪ ಇವರನ್ನ ನೋಡ್ಕೊಳ್ಳಿ” ಎಂದು ನನ್ನ ಕೈಗೆ ಸೀಮೆಸುಣ್ಣ ತುರುಕಿ, ಮಗಳ ಕೈ ಹಿಡಿದು ಹೊರಟಳು.

“ಮಿಸ್, ಕೈ ಬಿಡಿ, ಇದು ಶಾಲೆ” ಎನ್ನುತ್ತಿತ್ತು ಮಗು.

“ಗೊತ್ತು. ನಡಿ, ಬೀಗದಂಗಡಿ ಹತ್ರ ಹೋಗೋಣ.”

ನಾನು ಆ ಗದ್ದಲದ ನಡುವೆ ಸೀಮೆಸುಣ್ಣ ಹಿಡಿದು ತಬ್ಬಿಬ್ಬಾಗಿ ನಿಂತೆ. ಎರಡು ವಿಭಾಗದ ಮಕ್ಕಳು, ಹೊಸ ಮುದುಕಿ, ಕೇಳಬೇಕೆ? “ಅಜ್ಜಿ, ಮಿಸ್ಸು ಎಲ್ಲಿ ಹೋದ್ರು?” ಎಂದು ಒಂದೇ ಸಮನೆ ಪೀಡಿಸಿದವು.

“ಗುಬ್ಬಿ ಅಮ್ಮ ಬಂದಿದ್ದಾರೆ ಕಣ್ರೋ. ಮಾತಾಡ್ತಿದ್ದಾರೆ. ಸುಮ್ನೆ ಕೂತ್ಕೊಳ್ಳಿ” ಎಂದೆ.

ಕಿಟಕಿಯಿಂದ ತಿರುವು ಕಾಣುತ್ತಿತ್ತು. ಬೀಗದವನು ತನ್ನ ಸ್ಟೂಲು ಬಿಟ್ಟುಕೊಟ್ಟು ಪಕ್ಕಕ್ಕೆ ನಿಂತಿದ್ದ. ಸೊಸೆ ಅದರ ಮೇಲೆ ಕೂತಿದ್ದಳು. ಗುಬ್ಬಿ ಅವಳೆದುರು ನಿಂತು ಕೈ ಆಡಿಸುತ್ತಾ ಏನೇನೋ ಹೇಳುತ್ತಲೇ ಇದ್ದಳು. ತಿಂಗಳ ಮಾತು, ಬೇಗ ಮುಗಿಯುತ್ತದೆಯೇ? ಸ್ವಲ್ಪ ಹೊತ್ತಾದ ಮೇಲೆ ಸೊಸೆ ಮಗಳನ್ನು ಶಾಲೆಯ ಕಡೆ ತಿರುಗಿಸಿ ನನ್ನತ್ತ ಬೆರಳು ತೋರಿಸಿದಳು. ನಾನು ಸೀಮೆಸುಣ್ಣದ ಕೈ ಎತ್ತಿ ಜೋರಾಗಿ ಬೀಸಿದೆ. ಮಕ್ಕಳೆಲ್ಲ ಕಿಟಕಿಗೆ ಮುತ್ತಿಕೊಂಡು ಬೀಸಿದವು.

ಗುಬ್ಬಿ ಕಣ್ಣು ಕಿರಿದು ಮಾಡಿ, ಕತ್ತು ವಾರೆ ಮಾಡಿ ನೋಡಿದಳು. ಆಮೇಲೆ ಮುಖವರಳಿಸಿ ಕೈ ಬೀಸಿದಳು. ಬೀಸಿದ್ದು ಬೀಗ ಹಾಕಿದ ಪಕ್ಕದ ಕೋಣೆಯ ಕಿಟಕಿಗೆ.

ಸೊಸೆ ಒಮ್ಮೆ ನಮ್ಮನ್ನು ನೋಡಿದಳು, ಒಮ್ಮೆ ಮಗಳ ಕಣ್ಣು ಹೋದ ಕಡೆ ನೋಡಿದಳು. ಎದ್ದು ಅಷ್ಟು ದೊಡ್ಡ ಹುಡುಗಿಯನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು. ಶಾಲೆಯ ಕಡೆ ಬರಲಿಲ್ಲ, ಕಣ್ಣಿನ ಡಾಕ್ಟರು ಇರುವ ರಸ್ತೆಗೆ ತಿರುಗಿದಳು. ಗುಬ್ಬಿ ಅವಳ ಹೆಗಲ ಮೇಲಿಂದ ಆ ಖಾಲಿ ಕಿಟಕಿಗೆ ಇನ್ನೂ ಕೈ ಬೀಸುತ್ತಲೇ ಇದ್ದಳು.