ಹಳದಿ ಕಣ್ಣಿನ ಮಾವ

ರಾಮನಗರದ ಸೀರೆ ಅಂಗಡಿಯ ಉಗ್ರಾಣದಲ್ಲಿ ನನ್ನ ಕೆಲಸ. ರೇಷ್ಮೆಗೆ ಹುಳು ಬೀಳದಂತೆ ಕಪಾಟುಗಳಲ್ಲಿ ಡಾಂಬರು ಗುಳಿಗೆ ಇಡುವುದೂ ನನ್ನ ಪಾಲಿಗೇ ಬಿದ್ದಿತ್ತು. ಹೊಸ ಗುಳಿಗೆ ಹಾಕಿದಾಗಲೆಲ್ಲ ಕಣ್ಣು ಹಳದಿಯಾಗಿ, ಮೆಟ್ಟಿಲು ಹತ್ತಲೂ ಸುಸ್ತಾಗುತ್ತಿತ್ತು. ನಮ್ಮ ಕಡೆ ಕಣ್ಣು ಹಳದಿಯಾದವನು ಕುಡುಕನೆಂದೇ ಲೆಕ್ಕ. "ಕುಡಿಯೋದ ಒಸಿ ಕಮ್ಮಿ ಮಾಡು ಕಣ್ಲಾ," ಎನ್ನುತ್ತಿದ್ದರು ಜೊತೆಯವರು. ಹನಿ ಹೆಂಡವನ್ನೂ ಮುಟ್ಟದ ನನಗೆ ಮೈ ಉರಿಯುತ್ತಿತ್ತು.

ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದೆ. "ನಿಮ್ಮ ಲಿವರ್ ಚೆನ್ನಾಗಿದೆ," ಎಂದರು ನನ್ನ ಕೆಲಸದ ಬಗ್ಗೆ ಕೇಳಿ ತಿಳಿದ ಡಾಕ್ಟರಮ್ಮ. "ಹುಟ್ಟಿನಿಂದಲೇ ನಿಮ್ಮ ರಕ್ತದಲ್ಲಿ ಒಂದು ಕೊರತೆ ಇದೆ. ಬೇರೆಯವರಿಗೆ ಏನೂ ಮಾಡದ ಆ ಗುಳಿಗೆಯ ಘಾಟು ನಿಮ್ಮ ರಕ್ತಕಣ ಒಡೆಯುತ್ತೆ. ತಾಯಿ ಕಡೆಯಿಂದ ಗಂಡುಮಕ್ಕಳಿಗೆ ಬರುವಂಥದ್ದು. ಗುಳಿಗೆಯಿಂದ ದೂರ ಇರಿ, ಸಾಕು." ಅರ್ಧ ಕಾಯಿಲೆ ಅಲ್ಲೇ ವಾಸಿಯಾಯಿತು. ಮಾಲೀಕರು ನನ್ನನ್ನು ಕೌಂಟರಿಗೆ ಹಾಕಿದರು.

ಸಂಜೆ ಅಮ್ಮನಿಗೆ ಹೇಳಿದೆ. ಅವಳು ನನ್ನ ಸೋದರಮಾವನ ಮಾತೆತ್ತಿದಳು. ಮಾಗಡಿಯ ಜವಳಿ ಅಂಗಡಿಯಲ್ಲಿ ಇದೇ ಗುಳಿಗೆಗಳ ನಡುವೆ ದುಡಿದು ತೀರಿಕೊಂಡ ಅವಳ ಅಣ್ಣನ ಕಣ್ಣೂ ಹಳದಿಯೇ. ಅವನನ್ನು ಊರೆಲ್ಲ ಕುಡುಕ ಎಂದಿತ್ತು, ಕಟ್ಟಿಕೊಂಡ ಹೆಂಡತಿಯೂ.

ಬೆಳಗ್ಗೆ ಅಮ್ಮ ಒಗೆದ ಸೀರೆಯುಟ್ಟು ಮಾಗಡಿ ಬಸ್ಸಿಗೆ ಹೊರಟಳು.

"ನಮ್ಮಣ್ಣ ಕುಡೀತಿರ್ನಿಲ್ಲ ಅಂತ ಅತ್ಗೆಗೆ ಹೇಳ್ಬುಟ್ಟು ಬತ್ತೀನಿ ಕಣ್ಲಾ."