ಅಂಚು ಕತ್ತರಿಸಿದ ಪುಸ್ತಕ

ಬೀದರಿನ ನೌಬಾದದಲ್ಲಿರುವ ನನ್ನ ಬಾಡಿಗೆ ಮನೆಯ ಒಳಕೋಣೆಯ ತುಂಬ ಪುಸ್ತಕಗಳೇ ಇವೆ. ಎಲ್ಲವೂ ಮೊದಲ ಮುದ್ರಣದವು. ನನ್ನ ನೌಕರಿಗೂ ಪುಸ್ತಕಕ್ಕೂ ಏನೂ ಸಂಬಂಧವಿಲ್ಲ. ನಾನು ಪಶು ಇಲಾಖೆಯಲ್ಲಿ ಪರೀಕ್ಷಕ. ಹಳ್ಳಿಗಳಿಗೆ ಹೋಗಿ ದನಗಳಿಗೆ ಲಸಿಕೆ ಹಾಕುವುದು, ಎಮ್ಮೆಯೋ ಆಕಳೋ ಈಯಲಾರದೆ ಒದ್ದಾಡುವಾಗ ಕೈಹಚ್ಚುವುದು ನನ್ನ ಕೆಲಸ. ಡಾಕ್ಟರ್ ಅಲ್ಲದಿದ್ದರೂ ಊರೂರಲ್ಲಿ ನನ್ನನ್ನು ಡಾಕ್ಟರ್ ಎಂದೇ ಕರೆಯುತ್ತಾರೆ. ನಾನು ಅದನ್ನು ತಿದ್ದಲು ಹೋಗಿಲ್ಲ.

ಈ ಹುಚ್ಚು ಹಿಡಿದದ್ದು ಭಾಲ್ಕಿಯಲ್ಲಿ. ನನ್ನ ಮೊದಲ ಪೋಸ್ಟಿಂಗ್ ಅಲ್ಲಿ ಆಗಿತ್ತು. ಸ್ಟೇಷನ್ ಕಡೆ ಹೋಗುವ ದಾರಿಯ ರದ್ದಿ ಅಂಗಡಿಯಲ್ಲಿ ಒಂದು ಸಂಜೆ ಹಳೆಯ ಕಾದಂಬರಿಯೊಂದು ಕೈಗೆ ಸಿಕ್ಕಿತು. ಒಳಪುಟದಲ್ಲಿ ‘ಮೊದಲನೆಯ ಮುದ್ರಣ’ ಎಂದಿತ್ತು. ಅಚ್ಚಾದಾಗ ಮಡಚಿದ ಹಾಳೆಗಳು ಅಂಚಿನಲ್ಲಿ ಒಂದಕ್ಕೊಂದು ಕೂಡಿಕೊಂಡೇ ಇದ್ದವು. ಯಾರೂ ಅವನ್ನು ಬಿಡಿಸಿರಲಿಲ್ಲ. ಅಷ್ಟು ವರ್ಷ ಒಬ್ಬರೂ ಓದದೆ ಉಳಿದ ಪುಸ್ತಕವನ್ನು ನಾನು ಬ್ಲೇಡು ಹಿಡಿದು ಪುಟಪುಟವಾಗಿ ಬಿಡಿಸಿದೆ. ಆ ದಿನದ ಖುಷಿಯನ್ನು ಈಗಲೂ ಸರಿಯಾಗಿ ಹೇಳಲಾರೆ. ಆಮೇಲೆ ಎಲ್ಲಿಗೆ ಹೋದರೂ ನನ್ನ ಕಣ್ಣು ಟ್ರಂಕು, ಅಟ್ಟ, ರದ್ದಿಯ ಗುಡ್ಡೆಗಳ ಮೇಲೇ ಇರುತ್ತಿತ್ತು. ಮೊಬೈಲು ಬಂದ ಮೇಲೆ ನನ್ನಂಥವರ ಒಂದು ಗುಂಪು ಸಿಕ್ಕಿತು. ಯಾರಿಗೆ ಏನು ಸಿಕ್ಕರೂ ಅದರಲ್ಲಿ ಫೋಟೊ ಹಾಕುತ್ತೇವೆ. ಕಲೆಯಿಲ್ಲದ, ಗೀಚಿಲ್ಲದ ಪ್ರತಿ ಕಂಡರೆ ಎಲ್ಲರೂ ಕೊಂಡಾಡುತ್ತಾರೆ. ಆ ಹೊಗಳಿಕೆಗೆ ನಾನು ಎಷ್ಟು ಒಗ್ಗಿಹೋಗಿದ್ದೆ ಎಂಬುದು ನನಗೇ ಗೊತ್ತಾಗಿರಲಿಲ್ಲ.

ಔರಾದಿಗೆ ವರ್ಗವಾದ ಮರುವರ್ಷ ಅದೇ ತಾಲೂಕಿನ ಚಿಂತಾಕಿಯಿಂದ ಫೋನು ಬಂತು. ಒಂದು ಎಮ್ಮೆ ಬೆಳಗಿನಿಂದ ಈಯಲು ತಿಣುಕುತ್ತಿತ್ತು. ನಾನು ಹೋದಾಗ ಮಧ್ಯಾಹ್ನವಾಗಿತ್ತು. ಮನೆಯ ಮುದುಕಿಯ ಮಗ ಹೊಲದಿಂದ ಬಂದಿದ್ದ, ಸೊಸೆ ನೀರು ಕಾಯಿಸಿಟ್ಟಿದ್ದಳು. ಎಮ್ಮೆ ಮಾತ್ರ ಮುದುಕಿಯ ಮಾತಿಗಷ್ಟೇ ಸುಮ್ಮನಾಗುತ್ತಿತ್ತು. ಆಕೆಗೆ ಎಪ್ಪತ್ತೈದರ ಮೇಲಾಗಿತ್ತು. ಕರುವಿನ ಕಾಲು ಮಡಚಿಕೊಂಡಿತ್ತು. ಸರಿಮಾಡಿ, ಇನ್ನೊಂದಿಷ್ಟು ಹೊತ್ತು ಕಾಯಬೇಕೆಂದು ಹೇಳಿ ಕಟ್ಟೆಯ ಮೇಲೆ ಕೂತೆ. ಕೈತೊಳೆದು ಚೀಲದೊಳಗಿನ ಪುಸ್ತಕ ತೆಗೆದೆ. ಮುದುಕಿ ಅದನ್ನೇ ನೋಡುತ್ತಿದ್ದಳು.

“ನಮ್ಮಪ್ಪಂದೂ ಒಂದು ಪುಸ್ತಕ ಅದರಿ,” ಅಂದಳು.

ಜೋಳದ ಡಬ್ಬಿಯೊಳಗಿಂದ ತೆಗೆದುಕೊಟ್ಟ ಬಟ್ಟೆಯ ಗಂಟಿನಲ್ಲಿ ಒಣಗಿದ ಬೇವಿನ ಎಲೆಗಳ ನಡುವೆ ಒಂದು ತೆಳ್ಳನೆಯ ಪುಸ್ತಕವಿತ್ತು. ರಾಶಿ ಮಾಡುವಾಗ ಹಾಡುವ ಹಂತಿಯ ಪದ, ಬೀಸುವ ಪದಗಳನ್ನು ಊರೂರು ತಿರುಗಿ ಬರೆದುಕೊಂಡು ಅವಳ ಅಪ್ಪ ಅಚ್ಚು ಹಾಕಿಸಿದ್ದು. ಭಾಲ್ಕಿಯಲ್ಲಿ ಎಂದೋ ಮುಚ್ಚಿಹೋದ ಛಾಪಖಾನೆಯ ಹೆಸರು ಅದರಲ್ಲಿತ್ತು. ನಿಜಾಮನ ಕಾಲದ ಕೊನೆಗೆ ಈ ಸೀಮೆಯಲ್ಲಿ ಕನ್ನಡ ಪುಸ್ತಕ ಅಚ್ಚಾಗುವುದೇ ಅಪರೂಪ. ಇಂಥದೊಂದು ಪುಸ್ತಕ ಇತ್ತೆಂದು ನಮ್ಮ ಗುಂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವಳ ಅಪ್ಪ ಸಾಲಿ ಮಾಸ್ತರನಾಗಿದ್ದನಂತೆ. ಅವಳಿಗೆ ನಾಲ್ಕು ವರ್ಷವಿದ್ದಾಗ ಕ್ಷಯದಿಂದ ತೀರಿಕೊಂಡ. ತಾಯಿ ತವರಿಗೆ ಬಂದಳು. ಮಾಸ್ತರನ ಮಗಳು ಸಾಲಿಯ ಮೆಟ್ಟಿಲು ಹತ್ತಲಿಲ್ಲ. ಅಪ್ಪನ ಮುಖವೂ ಅವಳಿಗೆ ನೆನಪಿಲ್ಲ. ಪುಸ್ತಕದ ಹಾಳೆಗಳ ಅಂಚಿನಲ್ಲಿ, ಅಚ್ಚಿನ ಹೊರಗೆ, ಸೀಸದ ಕಡ್ಡಿಯಲ್ಲಿ ಸಣ್ಣಗೆ ಉರ್ದು ಅಕ್ಷರಗಳಿದ್ದವು. ಆಗಿನ ಸಾಲಿಗಳಲ್ಲಿ ಉರ್ದುವೇ ನಡೆಯುತ್ತಿದ್ದುದರಿಂದ ಮಾಸ್ತರನ ಕೈಗೆ ಅದೇ ರೂಢಿಯಾಗಿರಬೇಕು.

“ಅಂಚಿನ್ಯಾಗ ಏನ ಬರ್ದಾನ, ಯಾರೂ ಓದಿ ಹೇಳಿಲ್ರಿ,” ಅಂದಳು ಮುದುಕಿ. “ನೀವು ಬೀದರದಾಗ ಇರ್ತೀರಿ. ಓದೋರ ಸಿಕ್ರ ಓದಿಸ್ಕೊಂಡು ಬರ್ರಿ. ಪುಸ್ತಕ ಮಾತ್ರ ವಾಪಸ್ ತರಬೇಕ್ರಿ.”

ತರುತ್ತೇನೆಂದೆ. ಆ ಹೊತ್ತಿಗೆ ಎಮ್ಮೆ ಮತ್ತೆ ತಿಣುಕಿತು. ಕರು ಜೀವಂತ ಹೊರಬಂತು. ಎಲ್ಲರೂ ಸಂತೋಷದಲ್ಲಿದ್ದರು. ನಾನು ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಹೊರಟೆ.

ಊರಿಗೆ ಬಂದು ರಕ್ಷಾಪುಟ, ಶೀರ್ಷಿಕೆ ಪುಟ, ಛಾಪಖಾನೆಯ ಹೆಸರಿದ್ದ ಪುಟ, ಈ ಮೂರರ ಫೋಟೊ ಮಾತ್ರ ತೆಗೆದು ಗುಂಪಿಗೆ ಹಾಕಿದೆ. ಎರಡು ದಿನ ಅದರದೇ ಮಾತು. ಅಂಚಿನ ಬರಹದ ಫೋಟೊ ತೆಗೆಯಬೇಕೆಂದು ನನಗೆ ಹೊಳೆಯಲೇ ಇಲ್ಲ. ಪದಗಳ ಅರ್ಥವೋ ಹಾಡಿದವರ ಊರೋ ಬರೆದುಕೊಂಡಿರಬೇಕು ಅಂದುಕೊಂಡಿದ್ದೆ. ಓದಿಸಬೇಕು, ಓದಿಸೋಣ ಎನ್ನುತ್ತ ತಿಂಗಳುಗಳು ಹೋದವು. ಎರಡು ಸಲ ಚಿಂತಾಕಿಗೆ ಹೋದಾಗಲೂ ಮುದುಕಿ ಕೇಳಿದಳು. ಎರಡು ಸಲವೂ ಇನ್ನೊಂದು ವಾಯಿದೆ ಹೇಳಿ ಬಂದೆ.

ಬೀದರಿನ ಕಾಲೇಜೊಂದರಲ್ಲಿ ಹಳೆಯ ಪುಸ್ತಕಗಳ ಪ್ರದರ್ಶನ ಇಡುತ್ತೇವೆ, ನಿಮ್ಮ ಸಂಗ್ರಹದಿಂದ ಕೊಡಿ ಎಂದು ಕೇಳಿದರು. ಈ ಪುಸ್ತಕವನ್ನು ನಡುವಿನ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇವೆ ಅಂದರು. ತೆಗೆದು ನೋಡಿದೆ. ಅಂಚುಗಳನ್ನು ನುಸಿ ತಿಂದಿತ್ತು, ನೀರಿನ ಕಲೆ ಇತ್ತು, ಅದರ ಮೇಲೆ ಸೀಸದ ಕಡ್ಡಿಯ ಗೀಚು. ಮೊದಲ ಮುದ್ರಣದ ಅಂಚಿಗೆ ಕತ್ತಿ ತಾಗಿಸಬಾರದು ಎಂಬುದನ್ನು ಹೊಸಬರಿಗೆ ನಾನೇ ಎಷ್ಟೋ ಸಲ ಹೇಳಿದ್ದೇನೆ. ಆದರೂ ನಾಲ್ಕು ಜನರ ಎದುರು ಪುಸ್ತಕ ಹೊಲಸಾಗಿ ಕಾಣುವುದು ನನಗೆ ಬೇಡವಾಗಿತ್ತು.

ಹಳೆ ಊರಿನಲ್ಲಿ ನನ್ನ ಪುಸ್ತಕಗಳಿಗೆ ಜಿಲ್ದು, ಅಂದರೆ ರಟ್ಟು ಕಟ್ಟಿಕೊಡುವ ಒಬ್ಬ ಚಾಚಾ ಇದ್ದಾರೆ. ಅವರ ಮನೆತನದಲ್ಲಿ ಅಪ್ಪ, ಅಜ್ಜ ಎಲ್ಲರೂ ಇದೇ ಕೆಲಸ ಮಾಡಿದವರು. ಆಗ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆರಳಿನ ಅಂದಾಜಿನ ಮೇಲೆಯೇ ಕೆಲಸ ನಡೆಸುತ್ತಿದ್ದರು. ಪುಸ್ತಕವನ್ನು ಬಾಗಿಲ ಬೆಳಕಿಗೆ ಹಿಡಿದು, ಅಂಚಿನಲ್ಲಿ ಏನೋ ಬರೆದ ಹಾಗಿದೆಯಲ್ಲ, ಕತ್ತರಿಸಿದರೆ ಹೋಗುತ್ತದೆ ಎಂದು ಅವರೇ ನನಗೆ ಎಚ್ಚರಿಕೆ ಹೇಳಿದರು.

“ಹೋಗ್ಲಿ ಚಾಚಾ, ಹೊಲಸಾಗ್ಯದ. ನೀಟ್ ಮಾಡಿಕೊಡ್ರಿ,” ಅಂದೆ.

ಮುದುಕಿಯ ಮಾತು ಆ ಗಳಿಗೆಯಲ್ಲಿ ನನಗೆ ನೆನಪಿರಲಿಲ್ಲ ಎಂದು ಹೇಳಿಕೊಂಡಿದ್ದರೆ ಸುಲಭವಾಗುತ್ತಿತ್ತು. ನೆನಪಿತ್ತು. ಸ್ವಲ್ಪ ಹೋದರೂ ಉಳಿದದ್ದನ್ನು ಓದಿಸಿದರಾಯಿತು ಅಂದುಕೊಂಡೆ.

ಪ್ರದರ್ಶನದ ದಿನ ಪುಸ್ತಕ ಕೆಂಪು ಜಿಲ್ದಿನಲ್ಲಿ ಚೆಂದವಾಗಿ ಕಾಣುತ್ತಿತ್ತು. ಬಂದವರೆಲ್ಲ ಅದರ ಮುಂದೆ ನಿಂತು ಫೋಟೊ ತೆಗೆದುಕೊಂಡರು. ಮಧ್ಯಾಹ್ನ ಚಾಚಾ ಇಸ್ತ್ರಿ ಮಾಡಿದ ಬಿಳಿ ಪೈಜಾಮ ಹಾಕಿಕೊಂಡು ತಮ್ಮ ಕೆಲಸ ನೋಡಲು ಬಂದರು. ಅಷ್ಟರಲ್ಲಿ ಅವರ ಒಂದು ಕಣ್ಣಿನ ಆಪರೇಷನ್ ಆಗಿತ್ತು. ತೆರೆದಿಟ್ಟ ಪುಟದ ಮೇಲೆ ಬಗ್ಗಿ ಬಹಳ ಹೊತ್ತು ನಿಂತರು. ಆಮೇಲೆ ನನ್ನನ್ನು ಹತ್ತಿರ ಕರೆದರು.

“ಡಾಕ್ಟರ್ ಸಾಬ್, ಇದು ಯಾರ ಬರ್ದಿದ್ದು?”

ಹೇಳಿದೆ.

“ಮಗಳಿಗಿ ಬರ್ದಾನ್ರಿ,” ಅಂದರು. “ಬೇಟೀ, ನೀ ಓದ್ಲಿಕ್ಕಿ ಕಲ್ತ ಮ್ಯಾಲ... ಅಂತ ಅದ. ಮುಂದಿಂದು ಇಲ್ಲ. ಕತ್ತಿಗಿ ಹೋಗ್ಯದ.”

ಸುತ್ತ ಜನರಿದ್ದರು. ಯಾರೋ ನನ್ನ ಕೈಕುಲುಕಿ ಅಭಿನಂದನೆ ಹೇಳಿದರು.

ಅದೇ ಸಂಜೆ ಪುಸ್ತಕ ತೆಗೆದುಕೊಂಡು ಚಾಚಾನ ಅಂಗಡಿಗೆ ಹೋದೆ. ಅವರು ಒಂದೊಂದೇ ಪುಟ ತಿರುಗಿಸಿ ಓದುತ್ತ ಹೋದರು. ಉರ್ದು ಬಲದಿಂದ ಎಡಕ್ಕೆ ಹೋಗುವ ಬರಹ. ಬಲಪುಟದ ಅಂಚಿನಲ್ಲಿ ಪ್ರತಿ ಸಾಲಿನ ಶುರು ಹೋಗಿತ್ತು, ಎಡಪುಟದಲ್ಲಿ ಕೊನೆ. ಎಲ್ಲಿಯೂ ಒಂದು ಪೂರ್ತಿ ಮಾತು ಸಿಗಲಿಲ್ಲ. ಕತ್ತರಿಸಿದ ಚೂರುಗಳು ಎಲ್ಲಾದರೂ ಇರಬಹುದೇ ಎಂದು ಕೇಳಿದೆ. ಅವು ಅಂದೇ ಕಸದ ಜೊತೆ ಹೋಗಿದ್ದವು. ಆದರೂ ಹಲಗೆಯ ಕೆಳಗಿದ್ದ ಗೋಣಿಚೀಲವನ್ನು ಇಬ್ಬರೂ ನೆಲಕ್ಕೆ ಸುರುವಿ ಹುಡುಕಿದೆವು. ಪಾವತಿ ಪುಸ್ತಕದ ಅಂಚು, ಸಾಲಿಮಕ್ಕಳ ನೋಟ್‌ಬುಕ್ಕಿನ ಅಂಚು, ಒಂದು ಲಗ್ನಪತ್ರಿಕೆಯ ತುಂಡು ಸಿಕ್ಕವು. ಚಾಚಾ ಎಲ್ಲವನ್ನೂ ಮತ್ತೆ ಚೀಲಕ್ಕೆ ತುಂಬಿದರು. ಚಿಂತಾಕಿಗೆ ತಾವೂ ಬರುವುದಾಗಿ ಹೇಳಿದರು. ನನಗೆ ಓದಲು ಬರುವುದಿಲ್ಲ, ಮುದುಕಿಗೂ ಬರುವುದಿಲ್ಲ. ಅವರು ಬರದೆ ಉಪಾಯವಿರಲಿಲ್ಲ.

ಭಾನುವಾರ ಹೊರಟೆವು. ಔರಾದಿನವರೆಗೆ ಬಸ್ಸು, ಅಲ್ಲಿಂದ ಟಂಟಂ ಆಟೊ. ದಾರಿಯುದ್ದಕ್ಕೂ ಚಾಚಾ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡಿದ್ದರು. ತೊಗರಿ ಹೂವಿಗೆ ಬಂದಿತ್ತು.

ನಮ್ಮನ್ನು ಕಂಡು ಮುದುಕಿ ಹಿಗ್ಗಿದಳು. ಸೊಸೆಗೆ ಹೇಳಿ ಚಾಪೆ ಹಾಸಿಸಿದಳು. ಓದುವವರನ್ನು ಕರೆದುಕೊಂಡು ಬಂದಿದ್ದೇನೆ ಎಂದಾಗ ಸೆರಗು ತಲೆಯ ಮೇಲೆ ಎಳೆದುಕೊಂಡು ಎದುರಿಗೆ ಕೂತಳು, ಪುರಾಣ ಕೇಳಲು ಕೂತವರ ಹಾಗೆ. ಪುಸ್ತಕ ಕೈಗೆ ಕೊಟ್ಟಾಗ ಹೊಸ ಜಿಲ್ದನ್ನು ಸವರಿ ನೋಡಿದಳು. ಸಣ್ಣದಾಗಿದೆಯಲ್ಲ ಅಂದಳು. ನಾನು ಬಾಯಿ ತೆರೆಯುವ ಮೊದಲೇ ಚಾಚಾ ಹೇಳಿಬಿಟ್ಟರು, “ಅಮ್ಮಾ, ನನ್ನ ಕೈಲಿಂದ ತಪ್ಪಾಯ್ತು. ಕಣ್ಣ ಕಾಣ್ತಿರಲಿಲ್ಲ. ಅಂಚು ಕತ್ತರಿಸಿಬಿಟ್ಟಿನಿ.”

ನಾನು ಸುಮ್ಮನಿದ್ದೆ. ಆ ತಪ್ಪು ಚಾಚಾನದಾಗಿಯೇ ಉಳಿಯಲಿ ಎಂದು ನನ್ನ ಮನಸ್ಸು ಬಯಸಿದ್ದು ಮಾತ್ರ ನಿಜ. ಮುದುಕಿ ಚಾಚಾನ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಆಗ ಹೇಳಿದೆ: ಅವರು ಬೇಡವೆಂದಿದ್ದರು, ಕತ್ತರಿಸಿರಿ ಎಂದವನು ನಾನು.

ಅವಳು ಓದ್ರಿ ಎಂದು ಚಾಚಾನಿಗೆ ಕೈಮಾಡಿದಳು.

ಚಾಚಾ ಉಳಿದದ್ದನ್ನು ಕನ್ನಡದಲ್ಲಿ ಹೇಳುತ್ತ ಹೋದರು. ಹಲ್ಲು ಬಂದದ್ದು. ಯಾವುದೋ ಊರಿನಲ್ಲಿ ಪದ ಹಾಡಿದ ಹೆಂಗಸು ಮಗುವಿಗೆ ಕೊಟ್ಟ ಬೆಲ್ಲ. ಕೆಮ್ಮು ಹೆಚ್ಚಾದದ್ದು, ಮಗುವನ್ನು ಹತ್ತಿರ ಬಿಡಬಾರದೆಂದು ಹಕೀಮ ಹೇಳಿದ್ದು. ಎಲ್ಲವೂ ಅರ್ಧರ್ಧ. ಒಂದು ಪುಟದಲ್ಲಿ, “ಮಗಳು ಇವತ್ತು ನನ್ನ ಟೋಪಿ...” ಎಂದು ನಿಲ್ಲಿಸಿದರು.

“ಟೋಪಿ ಏನ ಮಾಡಿನಂತ?” ಮುದುಕಿ ಕೇಳಿದಳು.

“ಅಲ್ಲಿಗೇ ಕತ್ತರಿಸ್ಯದಮ್ಮ. ಕೆಳಗ ನಕ್ಕರು ಅಂತ ಅದ.”

“ಯಾರ ನಕ್ಕರು?”

ಚಾಚಾ ಮುಂದಿನ ಪುಟ ತಿರುಗಿಸಿದರು.

ಕೊನೆಯ ಪುಟದವರೆಗೂ ಹಾಗೆಯೇ ನಡೆಯಿತು. ಪ್ರತಿ ತುಂಡಿಗೂ ಅವಳು ಮುಂದಿನದನ್ನು ಕೇಳುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಕೇಳುವುದನ್ನು ಬಿಟ್ಟಳು. ಓದಿ ಮುಗಿದಾಗ ಪುಸ್ತಕವನ್ನು ತಿರುಗಿ ತೆಗೆದುಕೊಂಡು ಮೂಗಿಗೆ ಹಿಡಿದಳು. ಮೈಲುತುತ್ತ ಹಾಕಿದ ಅಂಟಿನ ವಾಸನೆ ಬಂದಿರಬೇಕು. ಮುಖ ಸಿಂಡರಿಸಿ ದೂರ ಇಟ್ಟಳು.

“ಇಷ್ಟ ವರ್ಷ ಪೂರಾ ಇತ್ತರಿ, ಓದೋರು ಇದ್ದಿಲ್ಲ,” ಅಂದಳು. ಸಿಟ್ಟಿನ ದನಿಯೇನೂ ಅಲ್ಲ. “ಅಪ್ಪ ನನ್ನ ಮಾತೇ ಬರ್ದಾನಂತ ಗೊತ್ತಿದ್ರ ನಿಮ್ಮ ಕೈಯಾಗ ಕೊಡ್ತಿರಲಿಲ್ರಿ.”

ಸೊಸೆ ಊಟಕ್ಕೆ ಕರೆದಳು. ಚಾಚಾ ಹಸಿವಿಲ್ಲವೆಂದರು. ನಾವು ಎದ್ದುಬಂದೆವು. ಟಂಟಂ ಸಿಗುವವರೆಗೆ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತಿದ್ದಾಗ ಚಾಚಾ ಒಂದೇ ಮಾತು ಆಡಿದರು. ಇನ್ನು ಮೇಲೆ ಯಾವ ಹಳೆಯ ಪುಸ್ತಕಕ್ಕೂ ಕತ್ತಿ ಹಚ್ಚುವುದಿಲ್ಲ, ನೀವೂ ನನಗೆ ಹೇಳಬೇಡಿ ಅಂದರು. ಹೂಂ ಅಂದೆ.

ಮುಂದಿನ ವರ್ಷ ಭಾಲ್ಕಿಯಲ್ಲಿ ಒಂದು ಹಳೆಯ ಮನೆ ಕೆಡವುವಾಗ ಅದೇ ಪುಸ್ತಕದ ಇನ್ನೊಂದು ಪ್ರತಿ ಸಿಕ್ಕಿತು. ಅಂಚು ಒಂದಿಷ್ಟೂ ಸವೆದಿರಲಿಲ್ಲ, ಎಲ್ಲಿಯೂ ಒಂದು ಗೆರೆ ಇರಲಿಲ್ಲ. ಗುಂಪಿನಲ್ಲಿ ಯಾರಿಗಾದರೂ ಅದು ಸಿಕ್ಕಿದ್ದರೆ ಹಬ್ಬ ಮಾಡುತ್ತಿದ್ದರು. ನಾನು ತಂದು ಕಪಾಟಿನಲ್ಲಿಟ್ಟೆ. ಒಂದು ಸಲ ಪುಟ ತಿರುಗಿಸಿ ಬಿಳಿಯ ಅಂಚುಗಳನ್ನು ನೋಡಿದವನು ಮತ್ತೆ ತೆಗೆದಿಲ್ಲ, ಫೋಟೊನೂ ಹಾಕಿಲ್ಲ. ಆಮೇಲೆ ಹೊಸದಾಗಿ ಯಾವ ಪುಸ್ತಕವನ್ನೂ ತಂದಿಲ್ಲ. ಹಳ್ಳಿಯ ಮನೆಗಳಲ್ಲಿ ಟ್ರಂಕು ಕಂಡರೂ ಅದರಲ್ಲೇನಿದೆ ಎಂದು ಕೇಳುವುದಿಲ್ಲ. ಪುಸ್ತಕಗಳ ಧೂಳು ಒರೆಸುವುದನ್ನು ನಿಲ್ಲಿಸಿದ್ದೀರಿ, ಯಾಕೆ ಎಂದು ಹೆಂಡತಿ ಒಮ್ಮೆ ಕೇಳಿದಳು. ಪುರಸೊತ್ತಿಲ್ಲ ಅಂದೆ.

ಕಾಲುಬಾಯಿ ಬೇನೆಯ ಲಸಿಕೆ ಹಾಕಲು ಈಗಲೂ ಚಿಂತಾಕಿಗೆ ಹೋಗುತ್ತೇನೆ. ಆ ಮನೆಯ ಎಮ್ಮೆಯನ್ನು ಸೊಸೆ ಹಿಡಿದು ನಿಲ್ಲಿಸುತ್ತಾಳೆ. ಮುದುಕಿ ಒಳಗೇ ಇರುತ್ತಾಳೆ. ಕಳೆದ ಸಲ ಬಾಗಿಲು ಅರ್ಧ ತೆರೆದಿತ್ತು, ಅವಳು ಗೋಡೆಗೆ ಒರಗಿ ಕೂತದ್ದು ಕಾಣಿಸಿತು. ನಮಸ್ಕಾರ ಮಾಡಿದೆ. ನೋಡಿದಳೋ ಇಲ್ಲವೋ ತಿಳಿಯಲಿಲ್ಲ. ಸೂಜಿ ಚುಚ್ಚಿ, ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡು ಮುಂದಿನ ಮನೆಗೆ ನಡೆದೆ.