ಅನುಮಾನದ ಮಾಮ ಮತ್ತು ಅಪ್ಪನ ರೋಮನ್ ನಾಣ್ಯ

ಅನುಮಾನದ ಮಾಮ ನಮಗೆ ನೆಂಟರೇನೂ ಅಲ್ಲ. ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವುದು ಅವರ ಕಸುಬು. ದಿನವಿಡೀ ಅಚ್ಚು, ಮೇಣ, ಎರಕ. ಭಾನುವಾರ ಬಂತೆಂದರೆ ಹಳೆಯ ನಾಣ್ಯಗಳ ಹುಚ್ಚು. ನಾಣ್ಯಪ್ರಿಯರ ಸಂಘದಲ್ಲಿ ಯಾರು ಏನು ತೋರಿಸಿದರೂ ಮೊದಲು ಹುಬ್ಬೇರುವುದು ಅವರದೇ. ಹೆಂಡತಿ ಚಹಾ ಕೊಟ್ಟರೂ ಬೆಳಕಿಗೆ ಹಿಡಿದು ನೋಡುತ್ತಾರೆಂದು ಎಲ್ಲರೂ ಗೇಲಿ ಮಾಡುತ್ತಿದ್ದೆವು.

ನನ್ನಪ್ಪನದು ಹಳೆಯ ನಾಣ್ಯಗಳ ಅಂಗಡಿ. ಮೆಟ್ಟಿಲ ಕೆಳಗಿನ ಜಾಗ, ಮರೆತು ಎದ್ದು ನಿಂತರೆ ತಲೆ ಬಡಿಯುವುದು ಖಂಡಿತ. ಅಪ್ಪ ಅಸಲಿ ಎಂದರೆ ಗಿರಾಕಿಗಳು ಮರುಮಾತಿಲ್ಲದೆ ಕೊಳ್ಳುತ್ತಿದ್ದರು. ಡೊಂಕು ಮೂಗಿನ ರೋಮನ್ ಚಕ್ರವರ್ತಿಯ ಬೆಳ್ಳಿ ನಾಣ್ಯವೊಂದನ್ನು ಮಾತ್ರ ಅವರು ಯಾರಿಗೂ ಮಾರುತ್ತಿರಲಿಲ್ಲ. ಚಕ್ರವರ್ತಿಯ ಗದ್ದದ ಮೇಲೊಂದು ಕಚ್ಚು, ಎಂದೋ ಬಿದ್ದ ಪೆಟ್ಟಿನ ಗುರುತು.

ಒಂದು ಭಾನುವಾರ ಸಂಘದ ಹೊಸ ಸದಸ್ಯರೊಬ್ಬರು ಅದೇ ಚಕ್ರವರ್ತಿಯ ನಾಣ್ಯ ತಂದರು. ಗದ್ದದ ಮೇಲೆ ಅದೇ ಕಚ್ಚು. ಮಾಮ ಅಲ್ಲೇ ಇದ್ದ ಅಪ್ಪನ ಜೇಬಿನ ನಾಣ್ಯವನ್ನೂ ಕೇಳಿ ಪಡೆದು, ಎರಡನ್ನೂ ಪಕ್ಕಪಕ್ಕ ಇಟ್ಟು ಭೂತಗನ್ನಡಿ ಹಿಡಿದರು.

"ಆಗ ಒಂದೊಂದು ನಾಣ್ಯಾನೂ ಸುತ್ತಿಗೆಯಿಂದ ಬಡಿದು ಮಾಡ್ತಿದ್ರು. ಕೈಯಿಂದ ಕೈಗೆ ಹೋಗ್ತಾ ಬಿದ್ದ ಗಾಯ ಎರಡಕ್ಕೂ ಒಂದೇ ಥರ ಆಗಲ್ಲ. ಎರಡೂ ಒಂದೇ ಅಚ್ಚಲ್ಲಿ ಎರೆದ ಈಗಿನ ನಕಲಿ," ಎಂದುಬಿಟ್ಟರು.

ಅಪ್ಪ ನಾಣ್ಯವನ್ನು ಜೇಬಿಗಿಳಿಸಿದರು. ಸುದ್ದಿ ಹಬ್ಬಲು ಎಷ್ಟು ಹೊತ್ತು? ಹಳೆಯ ಗಿರಾಕಿಗಳೂ "ಇದು ಗ್ಯಾರಂಟಿನಾ?" ಎಂದು ಕೇಳತೊಡಗಿದರು. "ನನ್ನ ಮಾತನ್ನೇ ನಂಬದ ಮೇಲೆ ಅಂಗಡಿ ಯಾಕಮ್ಮ ಬೇಕು," ಎಂದು ಅಪ್ಪ ಬಾಗಿಲು ಹಾಕಿ ಮನೆಯಲ್ಲಿ ಕೂತರು. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ನಾನು ಮಾಮನಿಗೆ ಹಿಡಿಶಾಪ ಹಾಕಿದೆ.

ಒಂದು ಸಂಜೆ ಮಾಮನೇ ಬಂದರು, ಕೈಯಲ್ಲಿ ಆ ಹೊಸ ಸದಸ್ಯರ ನಾಣ್ಯ. ಕೂರಿ ಎಂದರೂ ಕೂರಲಿಲ್ಲ.

"ಅಂಗಡಿಯವ್ರೇ, ಇವತ್ತು ಒಬ್ಬರ ಹಲ್ಲಿನ ಅಚ್ಚು ನನ್ನ ಕೈಗೆ ಬಂತು. ಹಲ್ಲು ಚೂರು ಮುರಿದಿತ್ತು, ಅಚ್ಚಲ್ಲೂ ಹಾಗೇ ಮೂಡಿತ್ತು. ಆಗ ಹೊಳೀತು. ಗಾಯ ಎರಡರಲ್ಲೂ ಇದ್ರೆ ಎರಡೂ ನಕಲಿ ಆಗ್ಬೇಕಿಲ್ಲ. ಒಂದು ಅಸಲಿ ಇದ್ದು, ಅದ್ರಿಂದಲೇ ಇನ್ನೊಂದು ಹುಟ್ಟಿರ್ಬಹುದು. ನಿಮ್ಮದನ್ನ ಇನ್ನೊಂದ್ಸಲ ತೋರಿಸ್ತೀರಾ?"

ಅಪ್ಪ ತಂದುಕೊಟ್ಟರು. ಮಾಮ ನೋಡಿ, ನನ್ನನ್ನೂ ಕರೆದು ತೋರಿಸಿದರು. ಅಪ್ಪನ ನಾಣ್ಯದ ಕಚ್ಚಿನ ಅಂಚು ಚೂಪಾಗಿತ್ತು, ಪೆಟ್ಟಿಗೆ ಪಕ್ಕಕ್ಕೆ ಸರಿದ ಬೆಳ್ಳಿ ಅಲ್ಲೇ ಎದ್ದು ನಿಂತಿತ್ತು. ಇನ್ನೊಂದರ ಕಚ್ಚು ಬಳಸಿ ಸವೆದ ಸೋಪಿನ ಹಾಗೆ ಮೊಂಡಾಗಿತ್ತು. ಮೈತುಂಬ ಎರಕದ ಗುಳ್ಳೆಗಳು ಬಿಟ್ಟ ಸಣ್ಣ ಸಣ್ಣ ಕುಳಿಗಳು.

"ನಿಮ್ಮ ಕೈಗೆ ಬರೋ ಮುಂಚೆ ಯಾರೋ ಇದನ್ನೇ ಇಟ್ಟು ಅಚ್ಚು ತೆಗೆದಿದಾರೆ. ನಿಮ್ಮದು ತಾಯಿ, ಇದು ಮರಿ. ತಪ್ಪು ನಂದು."

"ಹೋಗ್ಲಿ ಬಿಡಿ," ಎಂದರು ಅಪ್ಪ.

"ಹೋಗ್ಲಿ ಬಿಡಿ ಅಂದ್ರೆ ಆಗಲ್ಲ. ನಾಲ್ಕು ಜನರ ಮುಂದೆ ಆಡಿದ ಮಾತು, ಅವರ ಮುಂದೆಯೇ ವಾಪಸ್ ತಗೋಬೇಕು. ಭಾನುವಾರ ಬನ್ನಿ."

ಅಪ್ಪ ಒಲ್ಲದ ಮನಸ್ಸಿನಿಂದಲೇ ಹೊರಟರು, ಜೊತೆಗೆ ನಾನೂ ಹೋದೆ. ಮಾಮ ಎದ್ದು ನಿಂತು ತಮ್ಮ ತಪ್ಪನ್ನು ಒಂದಿಷ್ಟೂ ಮುಚ್ಚಿಡದೆ ಹೇಳಿದರು. ಕೆಲವರು ತಲೆಯಾಡಿಸಿದರು, ಕೆಲವರು ಇನ್ನೂ ಅಪ್ಪನನ್ನು ಓರೆಗಣ್ಣಿನಿಂದ ನೋಡುತ್ತಿದ್ದರು. ಅದು ಮಾಮನ ಕಣ್ಣಿಗೆ ಬಿತ್ತೋ ಏನೋ, ಹೊಸದಾಗಿ ಕೊಂಡಿದ್ದ ರೋಮನ್ ನಾಣ್ಯವೊಂದನ್ನು ಜೇಬಿನಿಂದ ತೆಗೆದು ಅಪ್ಪನ ಮುಂದಿಟ್ಟರು.

"ಇದು ನನಗೆ ಬಗೆಹರೀತಿಲ್ಲ. ನೀವು ನೋಡಿ ಹೇಳಿ."

ಅಪ್ಪ ನಾಣ್ಯವನ್ನು ನಿಲ್ಲಿಸಿ, ಸುತ್ತಲೂ ತಿರುಗಿಸಿ ಅಂಚು ನೋಡಿದರು.

"ಅಚ್ಚಿನ ಎರಡು ಹೋಳು ಸೇರೋ ಕಡೆ ಬೀಳೋ ಎರಕದ ಗೆರೆ ಕಾಣದ ಹಾಗೆ ಅರ ಹಾಕಿ ಉಜ್ಜಿದಾರೆ. ನಕಲಿ."

ಮಾಮ ಭೂತಗನ್ನಡಿ ಎತ್ತುತ್ತಾರೆಂದು ಎಲ್ಲರೂ ಕಾದರು. ಅವರು ಎತ್ತಲಿಲ್ಲ. "ಇವ್ರು ಹೇಳಿದ್ಮೇಲೆ ಮುಗೀತು," ಎಂದು ಆ ನಾಣ್ಯವನ್ನು ಸಂಘದಲ್ಲಿ ನಕಲಿಗಳಿಗೆಂದೇ ಇಟ್ಟಿದ್ದ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದರು. ಆ ಮನುಷ್ಯನ ಋಣ ನಾನು ಯಾವತ್ತಿಗೂ ತೀರಿಸಲಾರೆ. ಮನೆಗೆ ಬಂದವರೇ ಅಪ್ಪ ಅಂಗಡಿಯ ಬೀಗದಕೈ ಎಲ್ಲಿ ಎಂದು ಕೇಳಿದರು.